ಬರೋಣಕ್ಕೆ ತಾರೀಕು ಹಾಕಬೇಡಿ: ಹಾಸನ, ಚಿಕ್ಕಮಗಳೂರಿನ ಸಭಾಪಾಲಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರೇ, ದೇವರ ಸೇವಕರೇ, ಮನೆಗಳಲ್ಲಿ ಪ್ರಾರ್ಥನಾ ಕೂಟ ನಡೆಸುವ ಅಣ್ಣಂದಿರೇ, ಅಕ್ಕಂದಿರೇ,

ಯೇಸುವಿನ ನಾಮದಲ್ಲಿ ವಂದನೆಗಳು. ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಭಾನುವಾರ ಸಂಡೇ ಸ್ಕೂಲ್ ಮಕ್ಕಳ ಜೊತೆ ಕೂರುತ್ತೇನೆ. ಕರ್ತನ ಎರಡನೇ ಬರೋಣವನ್ನು, ಅಂದರೆ ಯೇಸು ಮತ್ತೆ ಬಂದು ತನ್ನವರನ್ನು ಪರಲೋಕಕ್ಕೆ ಕರೆದುಕೊಂಡು ಹೋಗುವುದನ್ನು, ಪೂರ್ತಿ ನಂಬುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮಲ್ಲಿ ತಾರೀಕನ್ನು ಪ್ರಶ್ನೆ ಮಾಡಿದ ತಕ್ಷಣ "ಸಿಸ್ಟರ್‌ಗೆ ವಿಶ್ವಾಸ ಸಾಲದು" ಎನ್ನುವ ಮಾತು ಬಂದುಬಿಡುತ್ತದೆ.

ನನ್ನ ಬೇಡಿಕೆ ಇಷ್ಟೇ. ಗ್ರಹಣ ತೋರಿಸಿ, ಅಂಕೆಗಳನ್ನು ಕೂಡಿಸಿ ಗುಣಿಸಿ, "ಇಂಥ ದಿನ ಬರೋಣ" ಎಂದು ಹೇಳುವುದನ್ನು ನಮ್ಮ ಎರಡೂ ಜಿಲ್ಲೆಗಳ ಪೀಠಗಳಿಂದಲೂ ಕೂಟಗಳಿಂದಲೂ ವಾಟ್ಸ್ಯಾಪ್ ಗುಂಪುಗಳಿಂದಲೂ ನಿಲ್ಲಿಸಿ. ನಿಮ್ಮಲ್ಲಿ ಹೆಚ್ಚಿನವರು ಹೀಗೆ ಹೇಳುವವರಲ್ಲ, ಗೊತ್ತು. ಆದರೆ ಹೇಳುವವರು ಹೇಳುವಾಗ ನೀವು ಸುಮ್ಮನಿರುತ್ತೀರಿ. ಅದಕ್ಕೇ ಈ ಪತ್ರ ಎಲ್ಲರಿಗೂ.

2025ರ ಸೆಪ್ಟೆಂಬರ್ ನಿಮಗೆ ನೆನಪಿರಬೇಕು. ದಕ್ಷಿಣ ಆಫ್ರಿಕಾದ ಒಬ್ಬರು ಕನಸಿನಲ್ಲಿ ಯೇಸು ಕಾಣಿಸಿಕೊಂಡು ಸೆಪ್ಟೆಂಬರ್ 23, 24 ಎಂದು ಹೇಳಿದರು ಅಂದರು. ಆ ವಿಡಿಯೋ ಜಗತ್ತೆಲ್ಲ ಸುತ್ತಿತು. ನಮ್ಮ ಕಡೆ ಬರುವ ಹೊತ್ತಿಗೆ ಅದಕ್ಕೆ ಗ್ರಹಣಗಳೂ ಸೇರಿಕೊಂಡಿದ್ದವು. ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಚಂದ್ರಗ್ರಹಣ. ರಾತ್ರಿ 11ರಿಂದ ಸುಮಾರು 12.20ರ ತನಕ ಚಂದ್ರ ಪೂರ್ತಿ ನೆರಳಲ್ಲಿತ್ತು. ಮೋಡ ಸರಿದಾಗ ಕೆಂಪಗೆ ಕಂಡಿತು. ಸೆಪ್ಟೆಂಬರ್ 21ಕ್ಕೆ ಸೂರ್ಯಗ್ರಹಣ, ಅದು ನಮ್ಮಲ್ಲಿ ಕಾಣಲಿಲ್ಲ. ಮರುದಿನ ಸಂಜೆಯಿಂದ ಯೆಹೂದ್ಯರ ಹೊಸವರ್ಷ, ಅಂದರೆ ತುತ್ತೂರಿ ಹಬ್ಬ. ಒಂದು ಗುಂಪಿನಲ್ಲಿ ಬಂದ ಸಂದೇಶ ಹೀಗಿತ್ತು: ಎರಡು ಗ್ರಹಣಗಳ ನಡುವೆ 14 ದಿನ, ಅಂದರೆ ಎರಡು ಏಳು, ಪರಿಪೂರ್ಣತೆಯ ಮೇಲೆ ಪರಿಪೂರ್ಣತೆ, ಆಮೇಲೆ ತುತ್ತೂರಿ.

ಇದನ್ನು ಹಳ್ಳಿಯ ಯಾವ ಅಜ್ಜಿಯ ಮುಂದೆ ಇಟ್ಟರೂ ಅವರೇ ಬಿಡಿಸಿ ಹೇಳುತ್ತಾರೆ. ಚಂದ್ರಗ್ರಹಣ ಆಗುವುದು ಹುಣ್ಣಿಮೆಗೆ, ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಗೆ. ಹುಣ್ಣಿಮೆಯಿಂದ ಅಮಾವಾಸ್ಯೆಗೆ 14 ಅಥವಾ 15 ದಿನ. ಚಂದ್ರಗ್ರಹಣದ ಬೆನ್ನಿಗೆ ಸೂರ್ಯಗ್ರಹಣ ಬಂದರೆ ನಡುವೆ ಅಷ್ಟೇ ದಿನ ಇರಬೇಕು, ಬೇರೆ ದಾರಿಯೇ ಇಲ್ಲ. ಇನ್ನು ಯೆಹೂದ್ಯರ ತಿಂಗಳು ಶುರುವಾಗುವುದೇ ಅಮಾವಾಸ್ಯೆ ಕಳೆದು, ನಮ್ಮ ಯುಗಾದಿಯ ಹಾಗೆ. ಆ ಅಮಾವಾಸ್ಯೆಗೆ ಗ್ರಹಣವಿದ್ದರೆ ಹಬ್ಬ ಅದರ ಹಿಂದೆಯೇ ಬರುತ್ತದೆ. ಮೂರು ಗುರುತು ಎಂದು ತೋರಿಸಿದ್ದೆಲ್ಲ ಒಂದೇ ಚಂದ್ರನ ಒಂದೇ ಸುತ್ತು.

ನಾಲ್ಕು "ರಕ್ತ ಚಂದ್ರ"ಗಳ ಕತೆಯೂ ಇದೇ. 2014ರ ಏಪ್ರಿಲ್ 15, ಅಕ್ಟೋಬರ್ 8, 2015ರ ಏಪ್ರಿಲ್ 4, ಸೆಪ್ಟೆಂಬರ್ 28. ನಾಲ್ಕೂ ಪೂರ್ಣ ಚಂದ್ರಗ್ರಹಣ, ನಾಲ್ಕೂ ಯೆಹೂದ್ಯರ ಪಸ್ಕಹಬ್ಬಕ್ಕೆ ಅಥವಾ ಪರ್ಣಶಾಲೆಗಳ ಹಬ್ಬಕ್ಕೆ ಹೊಂದಿಕೊಂಡು ಬಂದವು. ಅಮೆರಿಕದ ಮಾರ್ಕ್ ಬಿಲ್ಟ್ಸ್, ಜಾನ್ ಹೇಗಿ ಎನ್ನುವ ಬೋಧಕರು ಇದು ಇಸ್ರೇಲಿಗೆ ಸಂಬಂಧಪಟ್ಟ ದೊಡ್ಡ ಗುರುತು ಎಂದರು. ಕೇಳಿದವರಿಗೆ ಮೈ ಜುಂ ಎನ್ನುತ್ತದೆ, ಒಪ್ಪುತ್ತೇನೆ. ಆದರೆ ಆ ಎರಡೂ ಹಬ್ಬ ಬರುವುದೇ ಹುಣ್ಣಿಮೆಯ ಹೊತ್ತಿಗೆ, ಆರು ತಿಂಗಳ ಅಂತರದಲ್ಲಿ. ಚಂದ್ರಗ್ರಹಣಗಳೂ ಸಾಮಾನ್ಯವಾಗಿ ಆರು ತಿಂಗಳ ಅಂತರದಲ್ಲೇ ಬರುತ್ತವೆ. ಹಾಗಾಗಿ ಒಂದು ಹಬ್ಬಕ್ಕೆ ಸಿಕ್ಕಿದ ಗ್ರಹಣ ಇನ್ನೊಂದಕ್ಕೂ ಸಿಗುವುದು ಸಹಜ. ಹೀಗೆ ಸಾಲಾಗಿ ನಾಲ್ಕು ಪೂರ್ಣ ಗ್ರಹಣ ಬರುವುದು ಈ ಶತಮಾನ ಒಂದರಲ್ಲೇ ಎಂಟು ಸಲ ಇದೆ. ಅದಕ್ಕಿಂತ ಮುಖ್ಯವಾದ ಮಾತು: ಆ ನಾಲ್ಕರಲ್ಲಿ ಮೊದಲ ಮೂರು ಗ್ರಹಣ ಜೆರುಸಲೇಮಿನಲ್ಲಿ ಕಾಣಿಸಲೇ ಇಲ್ಲ. ಇಸ್ರೇಲಿಗೆ ದೇವರು ಗುರುತು ಕೊಟ್ಟಿದ್ದರೆ ಅಲ್ಲಿನವರ ಕಣ್ಣಿಗೆ ಬೀಳಬೇಕಿತ್ತು, ಅಲ್ವಾ?

ಚಂದ್ರ ಕೆಂಪಾಗುವುದಕ್ಕೂ ಕಾರಣ ಇದೆ. ಭೂಮಿಯ ಸುತ್ತ ಇರುವ ಗಾಳಿ ಸೂರ್ಯನ ಬೆಳಕನ್ನು ಬಗ್ಗಿಸಿ ನೆರಳಿನೊಳಕ್ಕೆ ಕಳಿಸುತ್ತದೆ. ನೀಲಿ ಬೆಳಕು ದಾರಿಯಲ್ಲೇ ಚದುರುತ್ತದೆ, ಕೆಂಪು ಮಾತ್ರ ತಲುಪುತ್ತದೆ. ಆ ಹೊತ್ತಿಗೆ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದೆಯೋ ಮುಳುಗುತ್ತಿದೆಯೋ, ಆ ಎಲ್ಲ ಕೆಂಪೂ ಸೇರಿ ಚಂದ್ರನ ಮೇಲೆ ಬೀಳುತ್ತದೆ. ಇದನ್ನು ಮಕ್ಕಳಿಗೆ ಹೇಳಿದರೆ ಅವರ ಮುಖ ಅರಳುತ್ತದೆ. ಸೃಷ್ಟಿಕರ್ತನ ಮೇಲೆ ಗೌರವ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಸತ್ಯವೇದದ ಯೋವೇಲ ಪ್ರವಾದಿಯ ಪುಸ್ತಕದಲ್ಲಿ ಸೂರ್ಯ ಕತ್ತಲಾಗುವ, ಚಂದ್ರ ರಕ್ತವಾಗುವ ಮಾತು ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಯೇಸುವಿನ ಶಿಷ್ಯ ಪೇತ್ರನು ಪಂಚಾಶತ್ತಮ ಹಬ್ಬದ ದಿನ ಅದನ್ನೇ ಎತ್ತಿ ಹೇಳಿದ. ಹೇಳಿದ್ದು ಮುಂದೆಂದೋ ಬರುವ ಪಂಚಾಂಗದ ದಿನದ ಬಗ್ಗೆಯಲ್ಲ, ಪ್ರವಾದಿ ಹೇಳಿದ್ದು ಈಗ ನಡೆಯುತ್ತಿದೆ ಎಂದು. ಶಿಲುಬೆಯ ದಿನ ಮೂರು ತಾಸು ಕತ್ತಲಾಯಿತು ಎಂದು ಸುವಾರ್ತೆಯಲ್ಲಿದೆ. ಅದು ಸೂರ್ಯಗ್ರಹಣ ಎಂದು ಹಿಂದೆಯೇ ಒಬ್ಬ ಬರಹಗಾರ ಹೇಳಿದ್ದ. 3ನೇ ಶತಮಾನದ ಕ್ರೈಸ್ತ ವಿದ್ವಾಂಸ ಜೂಲಿಯಸ್ ಆಫ್ರಿಕಾನಸ್ ಅದನ್ನು ಒಪ್ಪಲಿಲ್ಲ. ಪಸ್ಕಹಬ್ಬ ಹುಣ್ಣಿಮೆಗೆ ಬರುತ್ತದೆ, ಹುಣ್ಣಿಮೆಗೆ ಸೂರ್ಯಗ್ರಹಣ ಆಗದು ಎಂದು ಕಾರಣ ಕೊಟ್ಟ. ಆಕಾಶದ ಲೆಕ್ಕ ತಿಳಿದು ವಾಕ್ಯ ಓದುವುದು ನಮ್ಮ ಸಭೆಗೆ ಅಷ್ಟು ಹಳೆಯ ಅಭ್ಯಾಸ. ಈಗ ಯಾಕೆ ಬಿಟ್ಟೆವು?

ಇನ್ನು ಅಂಕೆಗಳ ವಿಷಯ. ನಾನು ಗಣಿತದವಳಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಜರ್ಮನಿಯಲ್ಲಿ ಮೈಕೆಲ್ ಸ್ಟೀಫೆಲ್ ಎಂಬ ಸಭಾಪಾಲಕರಿದ್ದರು, ಮಾರ್ಟಿನ್ ಲೂಥರ್ ಅವರ ಸ್ನೇಹಿತ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಮೃಗದ ಅಂಕೆ ಎಂದು ಬರುವ 666 ಯಾರೆಂದು ಅವರಿಗೆ ಕಂಡುಹಿಡಿಯಬೇಕಿತ್ತು. ಆಗ ಹತ್ತನೇ ಲಿಯೋ ಪೋಪ್ ಆಗಿದ್ದವರು. ಲ್ಯಾಟಿನ್‌ನಲ್ಲಿ ಆ ಹೆಸರು ಲಿಯೋ ಡೆಸಿಮಸ್. ಅದರಲ್ಲಿರುವ ರೋಮನ್ ಅಂಕೆಗಳನ್ನು ಕೂಡಿಸಿದರೆ 1656. ಸಾವಿರ ಜಾಸ್ತಿಯಾಯಿತು. ಸಾವಿರದ ಅಕ್ಷರ "ರಹಸ್ಯ" ಎಂಬ ಪದದ ಮೊದಲಕ್ಷರ ಎಂದು ಅದನ್ನು ತೆಗೆದುಹಾಕಿದರು. 656 ಉಳಿಯಿತು. ಹತ್ತು ಕಡಿಮೆಯಾಯಿತು. ಹತ್ತನೇ ಲಿಯೋ ಅಲ್ಲವೇ ಎಂದು ಹತ್ತು ಸೇರಿಸಿದರು. 666 ಬಂತು! ಹಿಂದಿನ ಪುಟದಲ್ಲಿ ಉತ್ತರ ನೋಡಿಕೊಂಡು ಲೆಕ್ಕವನ್ನು ಅದಕ್ಕೆ ಹೊಂದಿಸುವ ಹುಡುಗರು ಮಾಡುವುದೂ ಇದನ್ನೇ.

ಸ್ಟೀಫೆಲ್ ಅಲ್ಲಿಗೆ ನಿಲ್ಲಿಸಲಿಲ್ಲ. 1533ರ ಅಕ್ಟೋಬರ್ 19ರ ಬೆಳಿಗ್ಗೆ 8 ಗಂಟೆಗೆ ಲೋಕ ಮುಗಿಯುತ್ತದೆ ಎಂದು ತಮ್ಮ ಲೋಖೌ ಊರಿನ ಸಭೆಗೆ ಹೇಳಿದರು. ಲೂಥರ್ ಬೇಡ ಎಂದರೂ ಕೇಳಲಿಲ್ಲ. ರೈತರು ಹೊಲದ ಕೆಲಸ ಬಿಟ್ಟು ಇದ್ದದ್ದನ್ನು ಖರ್ಚು ಮಾಡಿ ಕಾದರು. 8 ಗಂಟೆ ಆಯಿತು, ಹೋಯಿತು. ಸ್ಟೀಫೆಲ್ ಅವರನ್ನು ಬಂಧನದಲ್ಲಿಟ್ಟರು. ಆದರೆ ಆಮೇಲೆ ಅವರು ತಾರೀಕಿನ ತಂಟೆ ಬಿಟ್ಟು ನಿಜವಾದ ಗಣಿತಕ್ಕೆ ಕೂತರು. 1544ರ ಅವರ ಗಣಿತದ ಗ್ರಂಥ ಯುರೋಪಿನಲ್ಲಿ ದೊಡ್ಡ ಹೆಸರು ಮಾಡಿತು. ನಾವು ಒಂಬತ್ತನೇ ತರಗತಿಗೆ ಕಲಿಸುವ ಘಾತಾಂಕಕ್ಕೆ ಇಂಗ್ಲಿಷಿನಲ್ಲಿ ಎಕ್ಸ್‌ಪೋನೆಂಟ್ ಎನ್ನುತ್ತಾರಲ್ಲ, ಆ ಹೆಸರು ಕೊಟ್ಟವರು ಇವರೇ. ಇಂಥ ತಲೆಯೂ 666ರ ಮುಂದೆ ದಾರಿ ತಪ್ಪಿತು.

ಅಷ್ಟಕ್ಕೂ ಆ ಅಂಕೆಯೇ ಎಲ್ಲ ಹಳೆಯ ಪ್ರತಿಗಳಲ್ಲೂ ಒಂದೇ ಇಲ್ಲ. ಈಜಿಪ್ಟಿನಲ್ಲಿ ಸಿಕ್ಕಿದ ಪ್ರಕಟನೆಯ ಒಂದು ಪುರಾತನ ಹಸ್ತಪ್ರತಿಯಲ್ಲಿ 616 ಎಂದಿದೆ. 2ನೇ ಶತಮಾನದ ಬಿಷಪ್ ಐರಿನೇಯಸ್‌ಗೂ ಈ ವ್ಯತ್ಯಾಸ ಗೊತ್ತಿತ್ತು. ಅವರು 666 ಸರಿ ಎಂದರು, ಆದರೆ ಈ ಅಂಕೆಗೆ ಹೊಂದುವ ಹೆಸರುಗಳು ಎಷ್ಟೋ ಇವೆ, ಇಂಥವನೇ ಎಂದು ಆತುರದಿಂದ ಹೇಳಬೇಡಿ ಎಂದು ಆಗಲೇ ಎಚ್ಚರಿಸಿದ್ದರು.

ನಮ್ಮ ಕಾಲಕ್ಕೆ ಬಂದರೆ ಹೆರಾಲ್ಡ್ ಕ್ಯಾಂಪಿಂಗ್. ಅಮೆರಿಕದ ಫ್ಯಾಮಿಲಿ ರೇಡಿಯೋ ನಡೆಸುತ್ತಿದ್ದವರು, ಓದಿದ್ದು ಇಂಜಿನಿಯರಿಂಗ್. ಅವರ ಲೆಕ್ಕ ಇದು: 5 ಎಂದರೆ ಪ್ರಾಯಶ್ಚಿತ್ತ, 10 ಎಂದರೆ ಪೂರ್ಣತೆ, 17 ಎಂದರೆ ಪರಲೋಕ. ಮೂರನ್ನೂ ಗುಣಿಸಿದರೆ 850. ಅದನ್ನು ಮತ್ತೆ 850ರಿಂದ ಗುಣಿಸಿದರೆ 7,22,500. ಯೇಸು ಶಿಲುಬೆಗೇರಿದ್ದು 33ನೇ ಇಸವಿಯ ಏಪ್ರಿಲ್ 1 ಎಂದು ಹಿಡಿದು ಅಷ್ಟು ದಿನ ಎಣಿಸಿದರೆ 2011ರ ಮೇ 21. ನಾನು ಕೂತು ಲೆಕ್ಕ ಮಾಡಿ ನೋಡಿದೆ. 1978 ವರ್ಷವನ್ನು 365.2422ರಿಂದ ಗುಣಿಸಿ 51 ದಿನ ಸೇರಿಸಿದರೆ ನಿಜವಾಗಿಯೂ 7,22,500 ಬರುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪು ಇರುವುದು ಅದಕ್ಕೂ ಮುಂಚೆ. 17 ಎಂದರೆ ಪರಲೋಕ ಎಂದು ಸತ್ಯವೇದದಲ್ಲಿ ಎಲ್ಲಿ ಬರೆದಿದೆ? ಒಂದು ಸಲ ಗುಣಿಸಿದ್ದನ್ನು ಇನ್ನೊಂದು ಸಲ ಯಾಕೆ ಗುಣಿಸಬೇಕು? ಶಿಲುಬೆಯ ವರ್ಷ 30 ಎನ್ನುವ ವಿದ್ವಾಂಸರೂ ಇದ್ದಾರೆ, ಹಾಗಾದರೆ ಬರೋಣ 2008ಕ್ಕೇ ಆಗಿರಬೇಕಿತ್ತು. ಗುಣಾಕಾರ ಸರಿಯಿದೆ ಎನ್ನುವುದೇ ಜನರನ್ನು ಮೋಸಗೊಳಿಸುತ್ತದೆ. ಮೊದಲ ಸಾಲನ್ನು ಯಾರೂ ನೋಡುವುದಿಲ್ಲ.

ಇದು ಎಷ್ಟು ಸುಲಭ ಎಂದು ತೋರಿಸಲು ನಮ್ಮ ಬೇಲೂರಿನದೇ ಒಂದು ಲೆಕ್ಕ ಕೊಡುತ್ತೇನೆ. ಚೆನ್ನಕೇಶವ ದೇವಸ್ಥಾನದ ಪ್ರತಿಷ್ಠೆಯಾದದ್ದು 1117ರಲ್ಲಿ. ಪರಿಪೂರ್ಣತೆಗೆ 7, ಹತ್ತು ಆಜ್ಞೆಗಳಿಗೆ 10, ಹನ್ನೆರಡು ಶಿಷ್ಯರ ಜೊತೆ ಯೇಸು ಸೇರಿ 13. ಗುಣಿಸಿದರೆ 910. 1117ಕ್ಕೆ 910 ಕೂಡಿಸಿದರೆ 2027. ಆ ವರ್ಷದ ಆಗಸ್ಟ್ 2ರಂದು ಪೂರ್ಣ ಸೂರ್ಯಗ್ರಹಣ ಇದೆ. ಅದು ಅತಿ ಹೆಚ್ಚು ಹೊತ್ತು, 6 ನಿಮಿಷ 23 ಸೆಕೆಂಡ್, ಇರುವುದು ಈಜಿಪ್ಟಿನಲ್ಲಿ, ಲಕ್ಸರ್ ಪಟ್ಟಣದ ಹತ್ತಿರ. ಮೋಶೆಯ ಕಾಲದಲ್ಲಿ ಮೂರು ದಿನ ಕತ್ತಲಾದ ಅದೇ ಈಜಿಪ್ಟ್! ನೋಡಿ, ಇದನ್ನು ಹೊಂದಿಸಲು ನನಗೆ ಒಂದು ಸಂಜೆಯೂ ಹಿಡಿಯಲಿಲ್ಲ. ಇದರಲ್ಲಿ ಒಂದು ಅಂಕೆಯೂ ಸುಳ್ಳಲ್ಲ. ಆದರೂ ಬರೋಣಕ್ಕೂ ಇದಕ್ಕೂ ಎಳ್ಳಷ್ಟೂ ಸಂಬಂಧ ಇಲ್ಲ. 13 ಹೊಂದದಿದ್ದರೆ 12 ಹಿಡಿಯುತ್ತಿದ್ದೆ, ಬೇಲೂರು ಹೊಂದದಿದ್ದರೆ ಹಳೇಬೀಡಿಗೆ ಹೋಗುತ್ತಿದ್ದೆ. ದಯವಿಟ್ಟು ಈ ಪ್ಯಾರಾವನ್ನು ಮಾತ್ರ ಕತ್ತರಿಸಿ ಯಾರಿಗೂ ಕಳಿಸಬೇಡಿ.

ಗ್ರಹಣದ ಬಗ್ಗೆ ಇನ್ನೊಂದು ಮಾತು ಕೇಳಲೇಬೇಕು. ಮುಂದಿನ ನೂರಾರು ವರ್ಷಗಳ ಗ್ರಹಣಗಳ ಪಟ್ಟಿ ಇವತ್ತೇ ಸಿದ್ಧವಿದೆ. 2019ರಲ್ಲಿ ಕ್ರಿಸ್ಮಸ್ ಮರುದಿನ ಕೊಡಗು, ಮಂಗಳೂರು ಕಡೆ ಸೂರ್ಯ ಉಂಗುರದ ಹಾಗೆ ಕಂಡ ಗ್ರಹಣ ಎಷ್ಟೋ ವರ್ಷ ಮುಂಚೆಯೇ ಗೊತ್ತಿತ್ತು. ಆ ದಿನವೂ ಆ ಗಳಿಗೆಯೂ ತಂದೆಗೆ ಮಾತ್ರ ಗೊತ್ತು, ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಎಂದು ಮತ್ತಾಯ 24ರಲ್ಲಿ ಕರ್ತನೇ ಹೇಳಿದ್ದಾನೆ. ದೂತರಿಗೂ ತಿಳಿಯದ ದಿನ ಹತ್ತು ರೂಪಾಯಿಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುತ್ತದೆಯೇ? ದಿನ ಗಳಿಗೆ ಗೊತ್ತಿಲ್ಲ, ಆದರೆ ವರ್ಷ ಗೊತ್ತು, ಕಾಲ ಗೊತ್ತು ಎಂದು ಕೆಲವರು ಜಾರಿಕೊಳ್ಳುತ್ತಾರೆ. ಅದಕ್ಕೂ ಅಪೊಸ್ತಲರ ಕೃತ್ಯಗಳು 1:7 ಜಾಗ ಬಿಟ್ಟಿಲ್ಲ. ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ ಎಂದೇ ಅಲ್ಲಿದೆ.

ಯಾರಿಗೋ ಲೆಕ್ಕ ತಪ್ಪಿದರೆ ನಿನಗೇನು ಎಂದು ನನ್ನನ್ನು ಕೇಳಿದವರಿದ್ದಾರೆ. ಹೇಳುತ್ತೇನೆ. 2025ರ ಅದೇ ಸೆಪ್ಟೆಂಬರಿನಲ್ಲಿ, ದಸರಾ ರಜೆಗೆ ಮುಂಚಿನ ಪರೀಕ್ಷೆಯಲ್ಲಿ ಹತ್ತನೇ ತರಗತಿಯ ಒಬ್ಬಳು ಹುಡುಗಿ ಗಣಿತದ ಉತ್ತರ ಪತ್ರಿಕೆಯನ್ನು ಖಾಲಿ ಕೊಟ್ಟಳು. ಜಾಣೆ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಕಾಫಿ ಎಸ್ಟೇಟಿನಲ್ಲಿ ಕೂಲಿ, ಲೈನ್ ಮನೆಯಲ್ಲಿ ವಾಸ. ಕರೆದು ಕೇಳಿದರೆ, "ಮಿಸ್, ಇನ್ನು ಓದಿ ಏನು ಮಾಡೋದು, 23ಕ್ಕೆ ನಾವೆಲ್ಲ ಹೋಗ್ತೀವಲ್ಲ" ಎಂದಳು. ಅವಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಿಂಗಳ ಮನೆಗಳನ್ನು ಸ್ಕೇಲಿನಿಂದ ಗೆರೆ ಎಳೆದು ಬರೆದಿದ್ದಳು. 7, 21, 23ಕ್ಕೆ ಕೆಂಪು ಇಂಕಿನ ಸುತ್ತು. 24ರಿಂದ ಮುಂದಿನ ಮನೆಗಳಲ್ಲಿ ಅಂಕೆಯನ್ನೇ ಬರೆದಿರಲಿಲ್ಲ.

ಅವಳ ತಾಯಿ ಸ್ವಸಹಾಯ ಸಂಘದಲ್ಲಿ ಉಳಿಸಿದ್ದ ಹಣ ಬಿಡಿಸಿ ಕೂಟಕ್ಕೆ ವಿಶೇಷ ಕಾಣಿಕೆ ಕೊಟ್ಟಿದ್ದರು. ಮಗಳ ಪಿಯುಸಿಗೆ ಎಂದು ಎತ್ತಿಟ್ಟ ಹಣ ಅದು. ಬಲವಂತ ಮಾಡಿ ತಗೊಂಡರು ಎಂದು ನಾನು ಹೇಳುತ್ತಿಲ್ಲ. ಆದರೆ 24ರ ನಂತರ ಆ ಕೂಟದಲ್ಲಿ ತಾರೀಕಿನ ಮಾತೇ ಎತ್ತಲಿಲ್ಲ. ಹಾಡು, ಪ್ರಾರ್ಥನೆ, ವಾಕ್ಯ ಎಲ್ಲ ಎಂದಿನಂತೆ ನಡೆಯಿತು. ಆ ತಾಯಿ ನನ್ನ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮನ್ನು ಬಿಟ್ಟು ಉಳಿದವರು ಹೋಗಿಬಿಟ್ಟರಾ ಟೀಚರ್?" ಮೂರು ದಿನ ಅವರು ಅದೇ ಭಯದಲ್ಲಿದ್ದರಂತೆ. ಇದಕ್ಕೆ ಯಾರು ಉತ್ತರ ಕೊಡಬೇಕು? ನಾನಾ?

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಸತ್ಯವೇದದ ದಾನಿಯೇಲನ ಪುಸ್ತಕದಲ್ಲಿರುವ 2300 ದಿನಗಳನ್ನು ವರ್ಷ ಎಂದು ಎಣಿಸಿ 1843 ಎಂದರು, ಆಮೇಲೆ ಅವರ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ಗಟ್ಟಿ ಮಾಡಿದರು. ಬೆಳೆ ಕೊಯ್ಯದೆ ಬಿಟ್ಟು ಕಾದವರಿದ್ದರು. ಕೊರಿಯಾದಲ್ಲಿ 1992ರ ಅಕ್ಟೋಬರ್ 28 ಎಂದು ಸಾರಿದ ಬೋಧಕನ ಹತ್ತಿರ 1993ರಲ್ಲಿ ಕೈಗೆ ಬರುವ ಬಾಂಡುಗಳಿದ್ದವು, ವಂಚನೆಗಾಗಿ ಜೈಲಿಗೆ ಹೋದ. 2011ರಲ್ಲಿ ನ್ಯೂಯಾರ್ಕಿನ ನಿವೃತ್ತ ಸಾರಿಗೆ ನೌಕರರೊಬ್ಬರು ತಮ್ಮ ಉಳಿತಾಯದ 1,40,000 ಡಾಲರನ್ನು ಕ್ಯಾಂಪಿಂಗ್ ಅವರ ತಾರೀಕಿನ ಜಾಹೀರಾತಿಗೆ ಸುರಿದರು. ಮೇ 21 ಕಳೆದ ಮೇಲೆ ಕ್ಯಾಂಪಿಂಗ್ ಅಕ್ಟೋಬರ್ 21 ಎಂದರು. ಅದೂ ಕಳೆಯಿತು. 2012ರ ಮಾರ್ಚಿನಲ್ಲಿ ಕ್ಯಾಂಪಿಂಗ್ ಬಹಿರಂಗವಾಗಿ ಬರೆದು, ತಾರೀಕು ಹೇಳಿದ್ದು ಪಾಪ, ಆ ದಿನ ಯಾರಿಗೂ ತಿಳಿಯದು ಎಂದು ವಾಕ್ಯ ತೋರಿಸಿದವರೇ ಸರಿ ಎಂದು ಒಪ್ಪಿಕೊಂಡರು. ಆಗ ಅವರಿಗೆ 90 ದಾಟಿತ್ತು. ಆ ವಯಸ್ಸಿನಲ್ಲಿ ಹಾಗೆ ಒಪ್ಪಿಕೊಂಡದ್ದಕ್ಕೆ ನಾನು ಅವರನ್ನು ಗೌರವಿಸುತ್ತೇನೆ. ನಮ್ಮಲ್ಲಿ ಅಷ್ಟನ್ನೂ ಯಾರೂ ಮಾಡಿಲ್ಲ.

ಒಂದು ಫೋಟೋದ ವಿಷಯವನ್ನೂ ಹೇಳಬೇಕು. ಶೆಟ್ಟಿಹಳ್ಳಿಯ ಹಳೇ ಚರ್ಚು ನೀರಲ್ಲಿ ಮುಳುಗಿರುವ ಚಿತ್ರ ಹಾಕಿ "ಕಡೇ ದಿನಗಳ ಗುರುತು" ಎಂದು ಕಳಿಸುತ್ತಾರೆ. ಹಾಸನದವರೇ ಕಳಿಸುತ್ತಾರೆ, ಅದು ಇನ್ನೂ ಬೇಸರ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ್ದರಿಂದ ಆ ಊರು ಖಾಲಿಯಾಯಿತು. ಮಳೆಗಾಲದಲ್ಲಿ ಹಿನ್ನೀರು ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಅಲ್ಲಿ ಜ್ಞಾನಸ್ನಾನ ಪಡೆದವರ, ಮದುವೆಯಾದವರ ಮಕ್ಕಳು ಮೊಮ್ಮಕ್ಕಳು ಇವತ್ತೂ ನಮ್ಮ ನಡುವೆ ಇದ್ದಾರೆ. ಅವರ ಊರು ಹೋದ ನೋವನ್ನು ಹೀಗೆ ಭಯ ಹುಟ್ಟಿಸಲು ಬಳಸಬೇಡಿ.

ನಾನು ಕೇಳುತ್ತಿರುವುದು ಹೊಸದೇನಲ್ಲ. 1516ರಲ್ಲೇ ರೋಮಿನ ಲ್ಯಾಟರನ್ ಮಹಾಸಭೆ, ಕ್ರಿಸ್ತವಿರೋಧಿ ಬರುವ ಅಥವಾ ನ್ಯಾಯತೀರ್ಪಿನ ದಿನವನ್ನು ಯಾವ ಬೋಧಕನೂ ಸಾರಬಾರದು ಎಂದು ಕಟ್ಟಪ್ಪಣೆ ಮಾಡಿತ್ತು. ಹದಿನೇಳು ವರ್ಷ ಕಳೆದು ಲೂಥರ್ ಕೂಡ ಸ್ಟೀಫೆಲ್‌ಗೆ ಬೇಡ ಎಂದರು. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಅಷ್ಟು ಜಗಳ ಆಡುತ್ತಿದ್ದ ಕಾಲದಲ್ಲೂ ಈ ಒಂದು ವಿಷಯದಲ್ಲಿ ಇಬ್ಬರ ಮಾತೂ ಒಂದೇ ಆಗಿತ್ತು. ಇವತ್ತು ಚಿಕ್ಕಮಗಳೂರು ಧರ್ಮಪ್ರಾಂತ್ಯದವರು, ಸಿಎಸ್‌ಐ ಸಭೆಯವರು, ಪೆಂತೆಕೊಸ್ತ್ ಸಭೆಗಳವರು ಒಟ್ಟಿಗೆ ಕೂತು ಒಂದು ಸಾಲಿನ ಹೇಳಿಕೆ ಕೊಡಲು ಆಗುವುದಿಲ್ಲವೇ? ಮುಂದಿನ ತಾರೀಕು ಬರುವ ಮುಂಚೆ ಕೊಡಿ. ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ ಎಂದು ಧರ್ಮೋಪದೇಶಕಾಂಡ 18ರಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ಈಗಾಗಲೇ ತಾರೀಕು ಹೇಳಿದವರು ಅದೇ ಜಾಗದಲ್ಲಿ, ಅದೇ ಜನರ ಮುಂದೆ ನಿಂತು ಅದು ಕರ್ತನ ಮಾತಾಗಿರಲಿಲ್ಲ ಎಂದು ಹೇಳಬೇಕು. ಆ ತಾರೀಕಿನ ಹೆಸರಲ್ಲಿ ಬಂದ ಕಾಣಿಕೆಯನ್ನು ಕೊಟ್ಟವರ ಕೈಗೇ ವಾಪಸ್ಸು ಕೊಡಬೇಕು.

ಗ್ರಹಣದ ಬಗ್ಗೆ ನಿಮ್ಮ ಸಭೆಯಲ್ಲಿ ಯಾರಾದರೂ ಹೆದರಿದ್ದರೆ ನನ್ನನ್ನು ಕರೆಯಿರಿ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪ, ಎಲ್ಲಿಗಾದರೂ ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ ಬರುತ್ತೇನೆ. ಒಂದು ಟಾರ್ಚು, ಎರಡು ಚೆಂಡು, ಕಿಟಕಿ ಮುಚ್ಚಿದ ಒಂದು ಕೋಣೆ ಇದ್ದರೆ ಸಾಕು. 2027ರ ಆಗಸ್ಟ್ 2 ಹತ್ತಿರ ಬರುತ್ತಿದ್ದ ಹಾಗೆ ಮತ್ತೆ ವಿಡಿಯೋಗಳು ಶುರುವಾಗುತ್ತವೆ. ಅದಕ್ಕೆ ಮುಂಚೆ ಕರೆದರೆ ಒಳ್ಳೆಯದು.

ಇಂತಿ,
ಕರ್ತನಲ್ಲಿ ನಿಮ್ಮ ಸಹೋದರಿ,
ಹಾಸನ ಜಿಲ್ಲೆಯ ಒಬ್ಬ ಗಣಿತ ಶಿಕ್ಷಕಿ